ಬಾವಿಗೆ ಬಿಟ್ಟ ಗಂಟು

ರಾಟೆಯ ಕಿರುಗುಟ್ಟುವ ಸದ್ದಿಗೆ ಖುದ್ದೂಸ್‌ಗೆ ಎಚ್ಚರವಾಯಿತು. ಎಚ್ಚರವಾದ ಮೇಲೂ ಕಣ್ಣು ಬಿಡದೆ, ಇದು ಕನಸಿನ ಸದ್ದಾಗಿದ್ದರೆ ಎಷ್ಟು ಚೆನ್ನ ಎಂದು ಆಸೆಪಡುತ್ತ ಮಲಗಿದ್ದ. ಮತ್ತಿಕೆರೆಯಲ್ಲಿ ಬೈರಮ್ಮನ ವಠಾರಕ್ಕೆ ಬಾಡಿಗೆಗೆ ಬಂದು ಒಂಬತ್ತು ವರ್ಷವಾಗಿತ್ತು. ಈ ಒಂಬತ್ತು ವರ್ಷದಲ್ಲಿ ಹಿತ್ತಿಲ ಬಾವಿಯಿಂದ ಯಾರೂ ಒಂದು ಕೊಡ ನೀರು ಸೇದಿದ್ದನ್ನು ಅವನು ಕಂಡಿರಲಿಲ್ಲ. ಬೀದಿಗೆ ನಲ್ಲಿ ಬಂದದ್ದೇ ತಡ, ಊರಿನವರು ತಮ್ಮ ತಮ್ಮ ಬಾವಿಗಳನ್ನು ಪಾರಿವಾಳಕ್ಕೂ ಪಾಚಿಗೂ ಬಿಟ್ಟುಕೊಟ್ಟು ಕೈ ತೊಳೆದುಕೊಂಡಿದ್ದರು. ಹಾಗೆಂದುಕೊಂಡೇ ಅಲ್ಲವೇ ಅವನು ಎಂಟು ದಿನದ ಹಿಂದೆ, ತೀರಿಹೋದ ಅಮ್ಮಿಯ ನಲವತ್ತನೆಯ ದಿನದ ಫಾತಿಹಾ ಮುಗಿದ ಮಾರನೆಯ ಬೆಳಿಗ್ಗೆ, ಆ ಗಂಟನ್ನು ಅಲ್ಲಿಗೆ ಬಿಟ್ಟದ್ದು? ಹೊರಗೆ ಕೊಡ ನೀರಿಗೆ ಬಡಿಯಿತು. ಮುಳುಗಿತು. ಹಗ್ಗ ಎಳೆಯುವವರ ಏದುಸಿರು ಕೇಳಿಸಿತು. ಖುದ್ದೂಸ್ ಧಡಕ್ಕನೆ ಎದ್ದು, ಲುಂಗಿ ಬಿಗಿದುಕೊಳ್ಳುತ್ತ ಹಿತ್ತಿಲಿಗೆ ಓಡಿದ.

ಬೈರಮ್ಮ ಹಿತ್ತಾಳೆಯ ಕೊಡವನ್ನು ಕಟ್ಟೆಯ ಮೇಲಿಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ರಾಟೆ ಹೊಸದು, ಹಗ್ಗವೂ ಹೊಸದು.

"ಬನ್ನಿ ಡಾಕ್ಟ್ರೇ, ಸರಿಯಾದ ಹೊತ್ಗೆ ಬಂದ್ರಿ. ನಿಮ್ಮನ್ನೇ ಕೇಳಾನ ಅಂತಿದ್ದೆ. ನಮ್ಮ ಸೊಸೆ ಮೈ ಇನ್ನೂ ಹಸಿ, ಹದಿನೈದು ದಿನದ ಬಾಣಂತಿ. ಈ ನಲ್ಲಿ ನೀರು ನಾಕು ದಿನಕ್ಕೊಂದ್ಸಲ ಬತ್ತದೆ, ಬಂದ್ರೂ ಔಸ್ದಿ ವಾಸ್ನೆ. ನಮ್ಮತ್ತೆ ನಮ್ಗೆಲ್ಲ ಬಾಣಂತನದಾಗೆ ಈ ಬಾವಿ ನೀರೇ ಕುಡ್ಸಿದ್ದು, ಕಲ್ಲುಸಕ್ಕರೆ ಅಂಗಿತ್ತು. ಚಿಕ್ಕಬೈರ ನೆನ್ನೆ ರಾಟೆ ಕಟ್ಟವ್ನೆ. ಕಾಯ್ಸಿ ಸೋಸಿ ಕೊಟ್ರೆ ಏನೂ ಆಗಲ್ಲ ಅಲ್ವಾ? ನೀವು ಹೂಂ ಅಂದ್ರೆ ಇವತ್ತಿಂದ್ಲೇ ಸುರು."

ಅವನು ಡಾಕ್ಟರಲ್ಲ. ಯಶವಂತಪುರದ ಒಂದು ಸಣ್ಣ ದವಾಖಾನೆಯಲ್ಲಿ ಹದಿನೆಂಟು ವರ್ಷದಿಂದ ಕಂಪೌಂಡರ್. ಬೈರಮ್ಮ ಹಾಗೆ ಕರೆದಾಗಲೆಲ್ಲ ಮೊದಮೊದಲು ತಿದ್ದುತ್ತಿದ್ದ, ಆಮೇಲೆ ನಕ್ಕು ಸುಮ್ಮನಾಗುತ್ತಿದ್ದ, ಈಚೆಗೆ ಅವಳು ಮರೆತು ಸಾಬರೇ ಎಂದುಬಿಟ್ಟರೆ ಏನೋ ಕಳೆದುಕೊಂಡಂತಾಗುತ್ತಿತ್ತು. ಕೊಡದ ನೀರನ್ನು ನೋಡಿದ. ತಿಳಿಯಾಗಿತ್ತು. ಅದು ತಿಳಿಯಾಗಿದ್ದುದೇ ಅವನಿಗೆ ಹೆದರಿಕೆ. ಮಣ್ಣಾಗಿದ್ದರೆ ಸೋಸಬಹುದು, ಹುಳುವಿದ್ದರೆ ಕಾಯಿಸಬಹುದು. ಕರಗಿದ ಮದ್ದನ್ನು ಯಾವ ಬಟ್ಟೆ ಸೋಸೀತು, ಯಾವ ಒಲೆ ಕಳೆದೀತು? ಗಂಟಿನಲ್ಲಿದ್ದದ್ದು ಎಷ್ಟು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಎಣಿಸಿದವನು ಅವನೇ. ಹೃದಯದ ಸಣ್ಣ ಬಿಳಿ ಮಾತ್ರೆ ನೂರ ಮೂವತ್ತೊಂದು, ನಿದ್ದೆಯ ಮಾತ್ರೆ ಐವತ್ತಾರು. ದಿನಕ್ಕೆ ಒಂದರಂತೆ ನುಂಗುತ್ತಿದ್ದರೆ ಸಾಯುವ ಹೊತ್ತಿಗೆ ಅಮ್ಮಿಯ ಬಳಿ ಹತ್ತೋ ಹನ್ನೆರಡೋ ಉಳಿದಿರಬೇಕಿತ್ತು. ಮಂಚದ ಕೆಳಗಿನ ಚಹಾಪುಡಿಯ ಡಬ್ಬಿಯನ್ನು ಕುಬ್ರಾ ತೆರೆದಾಗಲೇ ಗಂಡಹೆಂಡತಿ ಇಬ್ಬರಿಗೂ ಗೊತ್ತಾದದ್ದು. ಅಮ್ಮಿ ನುಂಗಿಯೇ ಇರಲಿಲ್ಲ. ಮಗ ತಂದ ಪೊಟ್ಟಣವನ್ನು ಮೊದಲು ದರ್ಗಾದ ಹಜರತ್ತರಲ್ಲಿಗೆ ಕಳಿಸಿ ದುವಾ ಓದಿ ಊದಿಸಿಕೊಂಡು ಬರಬೇಕು, ಆಮೇಲೆಯೇ ಅದು ಅಮ್ಮಿಯ ಕೈಗೆ. ಊದಿದ ಮದ್ದು ತಲೆದಿಂಬಿನ ಬಳಿ ಇದ್ದರೇ ಸಾಕೆಂದುಕೊಂಡಿದ್ದಳೋ, ಅಥವಾ ಬದುಕು ಸಾಕೆನಿಸಿತ್ತೋ. "ಹೋಗು ಬೇಟಾ, ಬಸ್ ತಪ್ಪುತ್ತೆ, ನಾನು ನುಂಗ್ತೀನಿ" ಎನ್ನುತ್ತಿದ್ದಳು. ಅವನು ಅಂಗೈಗೆ ಮಾತ್ರೆ ಹಾಕಿ ಬಸ್ಸಿಗೆ ಓಡುತ್ತಿದ್ದ. ಯಾರು ಯಾರಿಗೋ ಬಾಯಿ ತೆರೆಸಿ ಔಷಧಿ ಕುಡಿಸುವ ಕಂಪೌಂಡರ್, ಹೆತ್ತವಳ ಬಾಯೊಳಗೆ ಒಂದು ದಿನ ಇಣುಕಿ ನೋಡಲಿಲ್ಲ.

"ಏನಂತೀರಿ ಡಾಕ್ಟ್ರೇ?" ಎಂದಳು ಬೈರಮ್ಮ.

"ಬೇಡ" ಎಂದ ಖುದ್ದೂಸ್.

"ಯಾಕೆ?"

ಈಗ ಹೇಳಿಬಿಡಬೇಕು. ಒಂದೇ ಮಾತು: ಇದರಲ್ಲಿ ನಮ್ಮಮ್ಮಿಯ ಮಾತ್ರೆಗಳಿವೆ. ಆದರೆ ಆ ಮಾತು ಇಲ್ಲಿಂದ ಹೊರಟು ಬೀದಿ ದಾಟುವಷ್ಟರಲ್ಲಿ ಏನಾಗುತ್ತದೆ ಎಂಬುದನ್ನೂ ಅವನು ಮನಸ್ಸಿನಲ್ಲಿ ಆಗಲೇ ಕೇಳಿಸಿಕೊಂಡಿದ್ದ. ಬಾವಿಗೆ ಏನೋ ಹಾಕಿದರಂತೆ. ಯಾರು? ಸಾಬರು. ಬಾಣಂತಿ ಮನೆಯ ಬಾವಿಗೆ. ಅಷ್ಟು ಸಾಕು. ಊದಿದ ಮದ್ದು ತಾಯತಕ್ಕೆ ಸಮ, ಅದನ್ನು ಹಂದಿ ಮೂತಿ ಹಾಕುವ ತಿಪ್ಪೆಗೆ ಎಸೆಯಬಾರದು, ಹಳೆಯ ತಾಯತವನ್ನೂ ಕುರಾನಿನ ಆಯತ್ತು ಬರೆದ ಹರಿದ ಕಾಗದವನ್ನೂ ನೀರಿಗೆ ಬಿಟ್ಟು 'ಠಂಡಾ' ಮಾಡುವ ಹಾಗೆ ಇದನ್ನೂ ಮಾಡಬೇಕು ಎಂಬುದನ್ನು ಯಾರು ನಿಂತು ಕೇಳುತ್ತಾರೆ? ಹಾಗೆ ಬಿಟ್ಟದ್ದು ನೀರಿನಲ್ಲಿ ಕರಗಿಹೋಗಬೇಕು, ತೇಲಬಾರದು; ಅದಕ್ಕೇ ಪೊಟ್ಟಣಗಳನ್ನೆಲ್ಲ ಬಿಚ್ಚಿ, ಒಂದೊಂದೇ ಮಾತ್ರೆಯನ್ನು ಅಮ್ಮಿಯ ಹಸಿರು ದುಪಟ್ಟಾದ ತುಂಡಿಗೆ ಸುರಿದು, ಒಂದು ಕಲ್ಲನ್ನೂ ಇಟ್ಟು, ಬಿಸ್ಮಿಲ್ಲಾ ಹೇಳಿ ಬಿಟ್ಟವನು ಅವನು. ಆ ಹೊತ್ತಿನಲ್ಲಿ ಅವನು ಬರೀ ಮಗನಾಗಿದ್ದ. ಕಂಪೌಂಡರ್ ಎಲ್ಲಿ ಹೋಗಿದ್ದನೋ. ಬೈರಮ್ಮನ ಮುಖ ನೋಡಿದರೆ ಇದನ್ನೆಲ್ಲ ಯೋಚಿಸುತ್ತಿರುವುದಕ್ಕೇ ನಾಚಿಕೆಯಾಯಿತು. ಅಮ್ಮಿ ಹೋದಾಗ ಮೂರು ದಿನ ಒಲೆ ಹಚ್ಚದ ಅವನ ಮನೆಗೆ ಕಾಫಿ, ಮಗಳು ಮಲ್ಕಾಳಿಗೆ ಹಾಲು ತಂದುಕೊಟ್ಟವಳು ಇವಳೇ. ಇವಳ ಮೇಲೇ ಅನುಮಾನವೇ? ಆದರೂ ನಾಲಿಗೆ ತನ್ನ ದಾರಿ ಹಿಡಿಯಿತು.

"ಬೆಕ್ಕು ಬಿದ್ದಿದೆ" ಎಂದ. "ಮೊನ್ನೆ. ನಾನೇ ನೋಡ್ದೆ."

"ಮೊನ್ನೆಯಾ! ಅಯ್ಯೋ ನಿಮ್ಮ, ಒಂದು ಮಾತು ಹೇಳ್ಬಾರ್ದಾ? ನೆನ್ನೆ ಸಂಜೆ ಇದೇ ನೀರಾಗೆ ಮಗೀನ ಬಟ್ಟೆ ಜಾಲಿಸ್ದೆ!" ಎಂದವಳೇ ಕೊಡವನ್ನು ಕಣಗಿಲೆ ಗಿಡದ ಬುಡಕ್ಕೆ ಬಗ್ಗಿಸಿದಳು. "ಯಾರೂ ಉಪಯೋಗಿಸಲ್ಲ ಅಲ್ವಾ, ಅದಕ್ಕೇ..." ಎಂದು ಅವನು ತೊದಲಿದ. ಆ ತೊದಲಿನಲ್ಲಿ ಒಂದಿಷ್ಟಾದರೂ ನಿಜ ಇತ್ತೆಂದು ಅವನು ಸಮಾಧಾನಪಟ್ಟುಕೊಂಡ. ಅವಳ ಮಗ ಚಿಕ್ಕಬೈರಪ್ಪ ಹಲ್ಲುಜ್ಜುತ್ತ ಹೊರಗೆ ಬಂದ. ವಿಷಯ ಕೇಳಿ ಪಿಚಕ್ಕನೆ ಉಗಿದು, "ಅಷ್ಟೇ ತಾನೆ ಭಾಯ್, ಸ್ನೇಹಿತನ ಡೀಸೆಲ್ ಪಂಪು ತರ್ತೀನಿ, ಮಧ್ಯಾಹ್ನದೊಳಗೆ ತಳ ಕಾಣಿಸ್ಬಿಡ್ತೀನಿ" ಎಂದ. ಖುದ್ದೂಸ್‌ನ ಎದೆಯಿಂದ ಕಲ್ಲು ಇಳಿದಂತಾಯಿತು. ಬಾವಿ ಬರಿದಾಗುತ್ತದೆ, ಹೊಸ ನೀರು ಊರುತ್ತದೆ, ಬಾಣಂತಿ ಕುಡಿಯುತ್ತಾಳೆ. ಒಂದು ಸುಳ್ಳಿನಿಂದ ಇಷ್ಟು ಒಳ್ಳೆಯದಾಗುವುದಾದರೆ ಅದನ್ನು ಸುಳ್ಳೆಂದು ಕರೆಯುವವರೇ ಮೂರ್ಖರು ಎಂದುಕೊಂಡು, ಮುಖ ತೊಳೆದು, ಚಹಾ ಕುಡಿದು, ಎಂಟೂ ಮುಕ್ಕಾಲರ ಬಸ್ಸು ಹಿಡಿದ. ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಹೊಳೆದದ್ದು ಬಸ್ಸು ಹೊರಟ ಮೇಲೆ.

ಹಿತ್ತಿಲ ಆಚೆ ಕಾಲುವೆ. ಕಾಲುವೆಯ ಕೆಳಗೆ ಸೊಪ್ಪಿನ ಮಡಿಗಳು, ಆಮೇಲೆ ಹೆಬ್ಬಾಳದ ಕೆರೆ. ಕೆರೆಯಲ್ಲಿ ಮೀನು, ದಡದಲ್ಲಿ ಎಮ್ಮೆ. ಕಂಬಿ ಹಿಡಿದು ಜೋತಾಡುತ್ತ ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬಾವಿಯಲ್ಲಿ ಏನಿಲ್ಲೆಂದರೂ ಎರಡು ಸಾವಿರ ಕೊಡ ನೀರು. ನೂರ ಮೂವತ್ತೊಂದು ಮಾತ್ರೆ. ಹದಿನೈದು ಕೊಡಕ್ಕೆ ಒಂದು ಬಿತ್ತು. ಒಂದು ಲೋಟಕ್ಕೆ ಏನು ಬಂತು ಮಣ್ಣು? ಏನೂ ಇಲ್ಲ. ಏನೂ ಇಲ್ಲವೆಂದಾದರೆ ಬೆಕ್ಕು ಯಾಕೆ ಬೀಳಬೇಕಾಗಿತ್ತು? ಮತ್ತೆ ಮೊದಲಿನಿಂದ ಲೆಕ್ಕ. ಆ ಮಾತ್ರೆಯ ವಿಷಯದಲ್ಲಿ ಡಾಕ್ಟರು ಕೂಡ ಹುಷಾರು. ಕಾಲು ಮಾತ್ರೆ ಹೆಚ್ಚಾದರೆ ವಾಂತಿ, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುತ್ತದೆ, ನಾಡಿ ತಾಳ ತಪ್ಪುತ್ತದೆ. ಹದಿನೈದು ದಿನದ ಕೂಸಿನ ನಾಡಿ ಎಷ್ಟಿರುತ್ತದೆ? ಗಂಟು ಬಿದ್ದಲ್ಲೇ ಕರಗಿ ಅಲ್ಲೇ ನಿಂತಿದ್ದರೆ? ಕಂಡಕ್ಟರ್ ಎರಡು ಸಲ ಕೂಗಿ ಮೂರನೆಯ ಸಲ ಭುಜ ತಟ್ಟಿದಾಗ ಅವನು ಬೆಚ್ಚಿಬಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎನ್ನುವ ಮೊದಲೇ ಅವನ ಕೈ ಹೆಗಲ ಮೇಲಿತ್ತು.

ದವಾಖಾನೆಯಲ್ಲಿ ಅಂದು ಹೆಚ್ಚು ರೋಗಿಗಳಿರಲಿಲ್ಲ. ಡಾಕ್ಟರು ಒಳಗಿನಿಂದಲೇ ಕೂಗಿದರು: "ಖುದ್ದೂಸ್, ಆ ಅವಧಿ ಮುಗಿದದ್ದನ್ನೆಲ್ಲ ಖಾಲಿ ಮಾಡಿಬಿಡು. ನಾಳೆ ಇನ್ಸ್‌ಪೆಕ್ಟರ್ ಬರ್ತಾನಂತೆ." ಹದಿನೆಂಟು ವರ್ಷದಲ್ಲಿ ಈ ಕೆಲಸವನ್ನು ಅವನು ಎಷ್ಟು ಸಲ ಮಾಡಿದ್ದನೋ. ಕೆಮ್ಮಿನ ಕೆಂಪು ಮಿಕ್ಸ್ಚರ್, ಹೊಟ್ಟೆಹುಳುವಿನ ಹಳದಿ ನೀರು, ಬಣ್ಣಗೆಟ್ಟ ಕ್ಯಾಪ್ಸೂಲುಗಳು, ಎಲ್ಲವನ್ನೂ ಬಕೆಟ್ಟಿಗೆ ಸುರಿದು ಹಿಂದಿನ ಮೋರಿಗೆ ಚೆಲ್ಲಿ ಮೇಲೊಂದು ಬಕೆಟ್ ನೀರು ಹಾಕಿದರೆ ಮುಗಿಯಿತು. ಖಾಲಿ ಶೀಶೆಗಳನ್ನು ತೊಳೆದು ಇಟ್ಟುಕೊಳ್ಳುವುದರಲ್ಲಿ ಅವನು ಎಷ್ಟು ಅಚ್ಚುಕಟ್ಟೋ, ಒಳಗಿದ್ದದ್ದರ ವಿಷಯದಲ್ಲಿ ಅಷ್ಟೇ ನಿಶ್ಚಿಂತ. ಇಂದು ಬಕೆಟ್ ಎತ್ತಿದ ಕೈ ಬಗ್ಗಲಿಲ್ಲ. ಮೋರಿಯ ನೀರು ಗೋಡೆಯ ಸಂದಿಯಲ್ಲಿ ಮಾಯವಾಗುತ್ತಿತ್ತು. ಗೋಡೆಯ ಆಚೆ ಏನಿದೆ ಎಂದು ಇಷ್ಟು ವರ್ಷ ಅವನು ನೋಡಿಯೇ ಇರಲಿಲ್ಲ. ಬಕೆಟ್ ಹಿಡಿದುಕೊಂಡೇ ಬಾಗಿಲಿಗೆ ಬಂದು, "ಸರ್, ಇದು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿಬಿಟ್ಟ.

ಡಾಕ್ಟರು ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದರು. "ಏನು?"

"ಇದು ಸರ್. ಮೋರಿಗೆ ಹಾಕ್ತೀವಲ್ಲ, ಆಮೇಲೆ ಎಲ್ಲಿಗೆ?"

"ಹದಿನೆಂಟು ವರ್ಷ ಆದ್ಮೇಲೆ ಕೇಳ್ತಿದ್ದೀಯಲ್ಲಯ್ಯ! ಮೋರಿ ಎಲ್ಲಿಗೆ ಹೋಗುತ್ತೋ ಅಲ್ಲಿಗೆ. ಬೇಕಾದ್ರೆ ಹಿಂದೇನೇ ಹೋಗಿ ನೋಡ್ಕೊಂಡ್ ಬಾ, ಅರ್ಧ ದಿನ ರಜೆ ಕೊಡ್ತೀನಿ" ಎಂದರು. ಬೆಂಚಿನ ಮೇಲೆ ಕೂತ ರೋಗಿಗಳು ನಕ್ಕರು. ಜ್ವರದಿಂದ ನರಳುತ್ತಿದ್ದವನೂ ನಕ್ಕ. ಖುದ್ದೂಸ್ ತಾನೂ ನಕ್ಕಂತೆ ಮಾಡಿ ಹಿಂದಕ್ಕೆ ಹೋಗಿ, ಮುಖ ಆಚೆ ತಿರುಗಿಸಿಕೊಂಡು, ಬಕೆಟ್ಟನ್ನು ಮೋರಿಗೆ ಬಗ್ಗಿಸಿದ. ಬಗ್ಗಿಸದೆ ಇನ್ನೇನು ಮಾಡಬಹುದಿತ್ತು ಎಂದು ಯಾರಾದರೂ ಹೇಳಿದ್ದರೆ ಅವನು ಅದನ್ನೇ ಮಾಡುತ್ತಿದ್ದ. ಬೈರಮ್ಮನ ಬಾವಿಗೆ ಒಂದು ಗಂಟು ಬಿಟ್ಟದ್ದಕ್ಕೆ ಬೆಳಗಿನಿಂದ ಬೇಯುತ್ತಿರುವವನು, ವರ್ಷವರ್ಷವೂ ಬಕೆಟ್ಟುಗಟ್ಟಲೆ ಸುರಿದದ್ದಕ್ಕೆ ಒಂದು ರಾತ್ರಿ ನಿದ್ದೆ ಕೆಡಿಸಿಕೊಂಡವನಲ್ಲ. ಅಲ್ಲಿ ಕುಡಿಯುವವರ ಹೆಸರು ಗೊತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಇದು ಹೊಳೆದಾಗ ಅವನಿಗೆ ತನ್ನ ಸಂಕಟದ ಮೇಲೇ ಹೇಸಿಗೆಯಾಯಿತು.

ಒಂದು ಗಂಟೆಗೆ ದವಾಖಾನೆ ಮುಚ್ಚಿದರೆ ಮತ್ತೆ ತೆರೆಯುವುದು ಐದಕ್ಕೆ. ಬಸ್ಸಿಗೆ ಕಾಯದೆ ಕಾಲುವೆಯ ದಾರಿ ಹಿಡಿದು ನಡೆದ. ಸುಡುಬಿಸಿಲು. ದೂರದಿಂದ ಪಂಪಿನ ಢಗಢಗ ಕೇಳುತ್ತಿತ್ತು, ಅವನು ಹತ್ತಿರವಾಗುವಷ್ಟರಲ್ಲಿ ನಿಂತಿತು. ಕಾಲುವೆಯಲ್ಲಿ ಮಾತ್ರ ನೀರು ಇನ್ನೂ ಹರಿಯುತ್ತಿತ್ತು. ಮನೆಮನೆಗೆ ಸೊಪ್ಪು ಹಾಕುವ ಮಾರಮ್ಮ ಮೊಣಕಾಲವರೆಗೆ ಸೀರೆ ಎತ್ತಿ ಕಟ್ಟಿ ಅದರಲ್ಲಿ ನಿಂತು, ಸಬ್ಬಸಿಗೆ ಸೊಪ್ಪಿನ ಕಟ್ಟುಗಳನ್ನು ಒಂದೊಂದಾಗಿ ಅದ್ದಿ ಎತ್ತಿ ಒದರಿ ಬುಟ್ಟಿಗೆ ಹಾಕುತ್ತಿದ್ದಳು. ಕಳೆದ ವರ್ಷ ಕಾಲಿಗೆ ಗಾಜು ಚುಚ್ಚಿ ಕೀವಾದಾಗ ಖುದ್ದೂಸ್ ಮನೆಯಲ್ಲೇ ಮುಲಾಮು ಹಚ್ಚಿ ಕಟ್ಟು ಕಟ್ಟಿದ್ದ. ಅಂದಿನಿಂದ ಅವನನ್ನು ಕಂಡರೆ ಅವಳ ಮುಖ ಅರಳುತ್ತದೆ.

"ನೋಡಿ ಸಾಮಿ, ಇವತ್ತು ಗಂಗಮ್ಮ ತಾನಾಗೇ ಬಂದವ್ಳೆ! ದಿನಾ ಬರೀ ಮೋರಿ ನೀರು, ಮೂಗು ಮುಚ್ಕಂಡು ಸೊಪ್ಪು ತೊಳೀಬೇಕು. ಇವತ್ತು ಎಂಗೈತೆ ನೋಡಿ. ನಾನೂ ಒಂದು ಬೊಗಸೆ ಕುಡ್ದೆ."

"ಕುಡಿದ್ರಾ?" ಎಂದ ಖುದ್ದೂಸ್.

"ಕುಡ್ದೆ. ಏನು ಸಿಹಿ ಅಂತೀರಿ!"

ಅವನು ಅವಳ ಮುಖವನ್ನು ನೋಡುತ್ತ ನಿಂತ. ಮುಖ ಬಿಳಿಚಿಕೊಂಡಿದೆಯೇ? ಬೆವರುತ್ತಿದ್ದಾಳೆಯೇ? ಬಿಸಿಲಿನಲ್ಲಿ ಯಾರು ಬೆವರುವುದಿಲ್ಲ? "ತಲೆ ಸುತ್ತುತ್ತಾ? ಎದೆ ಡವಡವ ಅನ್ನುತ್ತಾ?" ಎಂದು ಕೇಳಿದ. ಮಾರಮ್ಮ ಬಿದ್ದು ಬಿದ್ದು ನಕ್ಕಳು. "ಎದೆ ಡವಡವ ಅನ್ನೋಕೆ ನಾನೇನು ಅರೇದ ಹುಡ್ಗೀನಾ?" ಎಂದು, ದೊಡ್ಡದೊಂದು ಕಟ್ಟು ಆರಿಸಿ, ನೀರು ಸುರಿಯುತ್ತಿರುವಂತೆಯೇ ಅವನ ಕೈಗೆ ಇಟ್ಟಳು. "ಬೇಡ ಅನ್ಬೇಡಿ. ನನ್ನ ಕಾಲು ಉಳ್ಸಿದ ಕೈ ಅದು. ಮಗೀಗೆ ಬೇಳೆ ಹಾಕಿ ಮಾಡ್ಸಿ." ಹೇಳಬೇಕಾದ ಮಾತು ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇವಳಿಗೆ ಹೇಳಿದರೆ ಒಂದು ಬುಟ್ಟಿ ಸೊಪ್ಪು ಹಾಳು, ಒಂದು ದಿನದ ದುಡಿಮೆ ಹಾಳು, ಮತ್ತೆ ಇವಳ ಬಾಯಿ ಊರಿನ ಬಾಯಿ. ಇಷ್ಟು ನೀರಿನಲ್ಲಿ ಏನಿದ್ದೀತು, ಏನೂ ಇರಲಾರದು ಎಂದು ಬೆಳಗಿನ ಲೆಕ್ಕವನ್ನೇ ಮತ್ತೆ ತೆಗೆದು, ಈ ಸಲ ಬೇಕಾದ ಉತ್ತರ ಬಂದ ಕೂಡಲೇ ನಿಲ್ಲಿಸಿಬಿಟ್ಟ. ಸೊಪ್ಪು ಹಿಡಿದು ಮುಂದೆ ನಡೆದ.

ಬಾವಿಯ ಬಳಿ ಚಿಕ್ಕಬೈರಪ್ಪ ಮೈಗೆಲ್ಲ ಕೆಸರು ಮೆತ್ತಿಕೊಂಡು ಬೀಡಿ ಸೇದುತ್ತಿದ್ದ. "ಏನ್ ಭಾಯ್ ನೀವು, ಬೆಕ್ಕೂ ಇಲ್ಲ ಗಿಕ್ಕೂ ಇಲ್ಲ. ನಾನೇ ಇಳಿದು ತಳ ಎಲ್ಲ ತಡಕಾಡ್ದೆ. ಇದೊಂದು ಸಿಕ್ತು" ಎಂದು ಕಟ್ಟೆಯ ಮೇಲಿನ ಒದ್ದೆ ಬಟ್ಟೆಯ ಕಡೆ ಕೈ ತೋರಿಸಿದ. ಹಸಿರು ಬಟ್ಟೆ. ಗಂಟು ಬಿಚ್ಚಿರಲಿಲ್ಲ, ಒಳಗೆ ಕಲ್ಲೊಂದೇ ಇತ್ತು. ಉಳಿದದ್ದೆಲ್ಲ ಠಂಡಾ ಆಗಿ ಹರಿದುಹೋಗಿತ್ತು. ಒಳಗಿನಿಂದ ಬೈರಮ್ಮ ಕೂಗಿ ಹೇಳಿದಳು: "ಬೆಕ್ಕಿಗೆ ಏಳು ಜೀವ, ಹತ್ಕಂಡು ಓಡೋಗಿರ್ತದೆ ಬಿಡೋ. ಡಾಕ್ಟ್ರು ಹೇಳಿದ್ದು ಒಳ್ಳೇದೇ ಆಯ್ತು, ಆ ನೆಪದಾಗೆ ಬಾವಿ ತೊಳೆದಂಗಾಯ್ತು. ಪುಣ್ಯ ಬತ್ತದೆ ಕಣಪ್ಪ ನಿಮ್ಗೆ." ಪುಣ್ಯ ಎಂಬ ಮಾತು ಕೇಳಿ ಖುದ್ದೂಸ್‌ಗೆ ನಿಲ್ಲಲಾಗಲಿಲ್ಲ.

ಕುಬ್ರಾ ಸೊಪ್ಪನ್ನು ಕಂಡು ಖುಷಿಪಟ್ಟಳು. ಬೇಡ, ಇಟ್ಟುಬಿಡು, ಸಂಜೆಗೆ ನೋಡೋಣ ಎಂದು ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೆಚ್ಚಿ ಬೇಳೆಗೆ ಹಾಕಿಯಾಗಿತ್ತು. ಅವನು ಗೋಡೆಗೆ ಒರಗಿ ಕೂತ. ಎದುರಿಗೆ ಅಮ್ಮಿಯ ಮಂಚ, ಸುತ್ತಿಟ್ಟ ಹಾಸಿಗೆ. ಅಮ್ಮಿ ಇದ್ದಿದ್ದರೆ ಏನು ಹೇಳುತ್ತಿದ್ದಳು? ಏನೂ ಹೇಳುತ್ತಿರಲಿಲ್ಲ, ನುಂಗ್ತೀನಿ ಎಂದು ಹೇಳಿ ನುಂಗದೆ ಇಟ್ಟುಕೊಳ್ಳುತ್ತಿದ್ದಳು. ಅವಳ ಮಗ ತಾನು, ಮಾತಿನ ವಿಷಯದಲ್ಲಿ ಅವಳದೇ ಹೊಟ್ಟೆಯಲ್ಲಿ ಹುಟ್ಟಿದವನು. ಸಬ್ಬಸಿಗೆಯ ಘಮ ಮನೆ ತುಂಬಿತು. ತಾನು ತಿನ್ನುತ್ತೇನೆ, ಎಲ್ಲರಿಗಿಂತ ಮೊದಲು ತಿನ್ನುತ್ತೇನೆ, ಆದದ್ದಾಗಲಿ ಎಂಬ ಒಂದು ವೀರಾವೇಶ ಬಂತು. ಕುಬ್ರಾ ಊಟದ ಬಟ್ಟೆ, ದಸ್ತರ್ಖಾನ್, ನೆಲಕ್ಕೆ ಹಾಸಿ ಅನ್ನ ಬಡಿಸಿದಳು. ಅವನು ದೊಡ್ಡ ತುತ್ತು ಕಲಸಿ ಬಾಯಿಗಿಟ್ಟು ನುಂಗಿದ. ರುಚಿಯಾಗಿತ್ತು. ಏನೂ ಆಗಲಿಲ್ಲ. ಎರಡನೆಯ ತುತ್ತು ನುಂಗಿದ. ಆರು ವರ್ಷದ ಮಲ್ಕಾ ಶಾಲೆಯಿಂದ ಬಂದವಳೇ ಚೀಲ ಎಸೆದು, ಅಪ್ಪನ ಪಕ್ಕ ಕೂತು, ತನ್ನ ತಟ್ಟೆಯನ್ನು ಎಳೆದುಕೊಂಡು, ಮೊದಲ ತುತ್ತನ್ನು ಬಾಯಿಯ ಹತ್ತಿರ ತಂದಳು.

ಖುದ್ದೂಸ್‌ನ ಎಡಗೈ ಅವಳ ಮಣಿಕಟ್ಟನ್ನು ಹಿಡಿಯಿತು. ಅನ್ನ ದಸ್ತರ್ಖಾನಿನ ಮೇಲೆ ಚೆಲ್ಲಿತು. ಅವನು ತಟ್ಟೆಯನ್ನು ಕಿತ್ತುಕೊಂಡು ಬೆನ್ನ ಹಿಂದೆ ಇಟ್ಟುಕೊಂಡ. ಮಗು ಏನಾಯಿತೆಂದು ತಿಳಿಯದೆ ಜೋರಾಗಿ ಅಳತೊಡಗಿತು.

"ಏನಾಯ್ತು ಜೀ?" ಎಂದಳು ಕುಬ್ರಾ. ಅವಳು ಅವನ ತಟ್ಟೆಯನ್ನು ನೋಡಿದಳು, ಬೆನ್ನ ಹಿಂದಿನ ತಟ್ಟೆಯನ್ನು ನೋಡಿದಳು. ಬೆಳಿಗ್ಗೆಯಿಂದ ಪಂಪಿನ ಸದ್ದು ಅವಳೂ ಕೇಳಿದ್ದಳು. "ಬೆಕ್ಕಿನ ಮಾತು ನೀವು ಹೇಳ್ದಾಗ್ಲೇ ನನಗೆ ಅನ್ನಿಸ್ತು. ಅಮ್ಮಿ ಗಂಟು, ಅಲ್ವಾ?"

ಅವನು ತಲೆಯಾಡಿಸಿದ. ಹೇಳಿದ. ಬಾವಿ, ಕಾಲುವೆ, ಮಾರಮ್ಮ ಕುಡಿದ ಬೊಗಸೆ ನೀರು, ಎಲ್ಲ. ಲೆಕ್ಕವನ್ನೂ ಹೇಳಿದ, ಇಷ್ಟು ನೀರಿಗೆ ಇಷ್ಟು ಎಂದರೆ ಏನೂ ಆಗುವುದಿಲ್ಲ ಎಂದ. ಕುಬ್ರಾ ಅಳುವ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಪೂರ್ತಿ ಕೇಳಿಸಿಕೊಂಡಳು. ಬಯ್ಯಲಿಲ್ಲ. ನೀರಿಗೆ ಬಿಡಬೇಕೆಂದು ಹಟ ಹಿಡಿದವಳು ತಾನೇ ಎಂಬುದು ಅವಳಿಗೂ ನೆನಪಿತ್ತು.

"ಮಾರಮ್ಮ ಎಷ್ಟು ಮನೆಗೆ ಸೊಪ್ಪು ಹಾಕ್ತಾಳೆ?" ಎಂದು ಕೇಳಿದಳು.

ಅಷ್ಟೇ ಕೇಳಿದ್ದು. ಖುದ್ದೂಸ್ ಎಂಜಲು ಕೈಯಲ್ಲೇ ಎದ್ದ. ಬಾಗಿಲಲ್ಲಿ ಚಪ್ಪಲಿ ಸಿಗಲಿಲ್ಲ, ಹುಡುಕಲಿಲ್ಲ. ಬೀದಿಯ ಎರಡು ಕಡೆಯೂ ನೋಡಿದ. ಮಾರಮ್ಮ ಎಲ್ಲೂ ಕಾಣಲಿಲ್ಲ, ಬಿಸಿಲಿಗೆ ಬಾಗಿಲುಗಳೆಲ್ಲ ಮುಚ್ಚಿದ್ದವು. ಬೈರಮ್ಮನ ಜಗಲಿ ಮಾತ್ರ ತೆರೆದಿತ್ತು. ಅವಳು ಕಾಲು ಚಾಚಿ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಸಬ್ಬಸಿಗೆ ಬಿಡಿಸುತ್ತಿದ್ದಳು. ಒಳಗೆ ಕೂಸು ಕುಂಯ್‌ಗುಟ್ಟುತ್ತಿತ್ತು, ಬಾಣಂತಿ ಅದನ್ನು ಸಮಾಧಾನ ಮಾಡುತ್ತಿದ್ದಳು.

"ಬನ್ನಿ ಡಾಕ್ಟ್ರೇ, ಊಟ ಆಯ್ತಾ? ಮಾರಿ ಈಗ ಕೊಟ್ಟೋದ್ಲು. ನೋಡಿ ಎಷ್ಟು ಚೆಂದ ತೊಳ್ದವ್ಳೆ, ಒಂದು ಮಣ್ಣಿನ ಕಣ ಇಲ್ಲ. ಸಬ್ಬಸಿಗೆ ಸಾರು ಉಂಡ್ರೆ ಬಾಣಂತಿಗೆ ಹಾಲು ಚೆನ್ನಾಗಿ ಇಳೀತದೆ" ಎಂದಳು. ಆಮೇಲೆ ಅವನ ಬರಿಗಾಲು, ಎಂಜಲು ಕೈ ಕಂಡು, "ಯಾಕಪ್ಪಾ, ಏನಾಯ್ತು?" ಎಂದಳು.

"ಬೈರಮ್ಮನೋರೇ," ಎಂದ ಖುದ್ದೂಸ್. ದನಿ ಬೀದಿಯ ಆ ತುದಿಗೂ ಕೇಳುವಷ್ಟು ದೊಡ್ಡದಾಗಿ ಬಂತು. "ಬಾವಿಗೆ ಬೆಕ್ಕು ಬಿದ್ದಿರ್ಲಿಲ್ಲ. ನಮ್ಮಮ್ಮಿ ಮಾತ್ರೆಗಳ್ನ ನಾನೇ ಹಾಕಿದ್ದು."

ಎದುರು ಮನೆಯ ಬಾಗಿಲು ತೆರೆಯಿತು. ಬೈರಮ್ಮನ ಕೈ ಸೊಪ್ಪಿನ ಮೇಲೆಯೇ ನಿಂತಿತು.